ಇಸ್ಪೀಟ್ ಪ್ರೋಗ್ರಾಂ: ಎಲೆ ಹಂಚುವುದು ಯಾವ ಕ್ಲಾಸಿನ ಕೆಲಸ?

ಪ್ರಶ್ನೆ (ದಾವಣಗೆರೆ):
ಪೈಥಾನ್‌ನಲ್ಲಿ ಕತ್ತೆ ಆಟ ಬರೆಯುತ್ತಿದ್ದೇನೆ. ಎಲೆ, ಕಟ್ಟು, ಆಟಗಾರ ಅಂತ ಮೂರು ಕ್ಲಾಸ್ (ಒಂದು ವಸ್ತುವಿನ ಮಾಹಿತಿ ಮತ್ತು ಅದರ ಫಂಕ್ಷನ್‌ಗಳನ್ನು ಒಟ್ಟಿಗೆ ಇಡುವ ಕೋಡ್) ಇವೆ. ಹಂಚುವ ಫಂಕ್ಷನ್ ಆಟಗಾರನಲ್ಲಿ ಇಡಬೇಕಾ, ಕಟ್ಟಿನಲ್ಲಾ? ವಿದ್ಯಾನಗರದ ರೂಮಲ್ಲಿ ಗೆಳೆಯರ ಜೊತೆ ಆಡುವ ಹಾಗೇ ಬರಬೇಕು ಅಂತ ಆಸೆ.

ಉತ್ತರ 1:
ಕಟ್ಟಿನಲ್ಲೇ ಇಡಿ. 52 ಎಲೆಗಳ ಲಿಸ್ಟ್ ಇರುವುದು ಅದರ ಹತ್ತಿರ ಅಲ್ವಾ? ಒಮ್ಮೆ ಶಫಲ್ ಮಾಡಿ, ಆಮೇಲೆ ಪಾಪ್‌ನಿಂದ ಒಂದೊಂದೇ ಎಲೆ ಕೊಡಲಿ; ಪಾಪ್ ಆದ ಎಲೆ ಲಿಸ್ಟಿನಿಂದಲೇ ಹೋಗುತ್ತದೆ, ಹಾಗಾಗಿ ಇಸ್ಪೀಟ್ ಎಕ್ಕ ಇಬ್ಬರ ಕೈಗೆ ಬರುವ ಮಾತೇ ಇಲ್ಲ.

ಉತ್ತರ 2 (ಚಿತ್ರದುರ್ಗ):
ಹೌದು, ಅದೇ ಸರಿ. ಆಟ ಅಂತ ಇನ್ನೊಂದು ಕ್ಲಾಸ್ ಮಾಡಿ. ಸರದಿ ಯಾರದ್ದು, ಕತ್ತೆ ಯಾರು ಅನ್ನುವುದೆಲ್ಲ ಅಲ್ಲಿರಲಿ, ಆಗ ಇದೇ ಕಟ್ಟನ್ನು ನಾಳೆ ರಮ್ಮಿಗೂ ಬಳಸಬಹುದು. ರಾಣಿಗೆ 12, ರಾಜನಿಗೆ 13, ಎಕ್ಕಕ್ಕೆ 14 ಕೊಟ್ಟುಬಿಡಿ. ಹೋಲಿಸುವುದು ಸುಲಭ.