ಹ್ಯಾಂಡಲ್ ಎಡಕ್ಕೆ ತಿರುಗಿಸಿದ್ರೆ ಮೋಟರ್ ಕಟ್, ಯಾವ ವೈರು ಅಂತ ಹುಡುಕೋದು ಹೆಂಗೆ?

ಹಾಸನದಿಂದ:
ಎಲ್ರಿಗೂ ನಮಸ್ಕಾರ. ನಂದು 60 ವೋಲ್ಟಿನ ಎಲೆಕ್ಟ್ರಿಕ್ ಸ್ಕೂಟರು, ಹಬ್ ಮೋಟರ್ (ಚಕ್ರದ ಒಳಗೇ ಇರೋದು), ವಾರಂಟಿ ಮುಗಿದಿದೆ. ಹೋದ ತಿಂಗಳು ಮಳೇಲಿ ಚೆನ್ನಾಗಿ ನೆನೆದ ಮೇಲೆ ಶುರುವಾಗಿದ್ದು, ಎಡಕ್ಕೆ ತಿರುಗಿಸಿದಾಗ ಒಂದೊಂದ್ಸಲ ಮೋಟರ್ ಕಟ್ ಆಗುತ್ತೆ, ಡಿಸ್‌ಪ್ಲೇ ಮಾತ್ರ ಉರೀತಾನೇ ಇರುತ್ತೆ, ಹ್ಯಾಂಡಲ್ ನೇರ ಮಾಡಿದ್ರೆ ಮತ್ತೆ ಎಳೆಯುತ್ತೆ. ಮೊನ್ನೆ ಸರ್ಕಲ್‌ನಲ್ಲಿ ಬಸ್ಸಿನ ಮುಂದೇನೇ ನಿಂತು ಜೀವ ಬಾಯಿಗೆ ಬಂತು. ಗ್ಯಾರೇಜಲ್ಲಿ ಸೀಟ್ ಕೂಡ ಎತ್ತದೆ ಕಂಟ್ರೋಲರ್ (ಮೋಟರಿಗೆ ಕರೆಂಟ್ ಹದ ಮಾಡಿ ಕೊಡೋ ಡಬ್ಬಿ) ಹೋಗಿದೆ, ಎಂಟೂವರೆ ಸಾವಿರ ಅಂದ್ರು. ನನ್ನತ್ರ ಸಾದಾ ಮಲ್ಟಿಮೀಟರ್ ಇದೆ, ಬೀಪ್‌ಗೆ (ವೈರು ತುಂಡಾಗಿಲ್ಲ ಅಂದ್ರೆ ಸದ್ದು ಮಾಡೋ ಸೆಟ್ಟಿಂಗು) ಇಟ್ಟು ನೋಡಿದೆ, ಎಲ್ಲಾ ವೈರೂ ಬೀಪ್ ಅಂತಿದೆ. ಯಾರಿಗಾದ್ರೂ ಹಿಂಗಾಗಿತ್ತಾ?

ಮೈಸೂರಿಂದ, ಗಾಡಿ ರಿಪೇರಿ ಮಾಡೋನು:
ಸರ್, ದುಡ್ಡು ಕೊಡೋಕೆ ಮುಂಚೆ ಸ್ವಲ್ಪ ತಡೀರಿ. ಕೆಟ್ಟ ಕಂಟ್ರೋಲರಿಗೆ ಎಡ ಯಾವ್ದು ಬಲ ಯಾವ್ದು ಅಂತ ಗೊತ್ತಾಗಲ್ಲ. ಹ್ಯಾಂಡಲ್ ತಿರುಗಿಸಿದಾಗ ಮಾತ್ರ ಬರೋ ತೊಂದ್ರೆ ಅಂದ್ರೆ ಹ್ಯಾಂಡಲ್ ಜೊತೆ ಅಲ್ಲಾಡೋ ವೈರಲ್ಲಿ ಮೊದ್ಲು ಹುಡುಕ್ಬೇಕು, ಅಂದ್ರೆ ಥ್ರಾಟಲ್ (ಎಕ್ಸಲರೇಟರ್ ಹಿಡಿ) ಮತ್ತೆ ಬ್ರೇಕ್ ಸ್ವಿಚ್. ಡಿಸ್‌ಪ್ಲೇ ಆರ್ತಿಲ್ಲ ಅಂದ್ಮೇಲೆ ಬ್ಯಾಟರಿ, ಎಂಸಿಬಿ, 12 ವೋಲ್ಟ್ ಕನ್ವರ್ಟರ್ ಇವನ್ನೆಲ್ಲ ಸದ್ಯಕ್ಕೆ ಬಿಡಿ.

ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ನೆಲ ಬಿಟ್ಟಿರೋ ಹಂಗೆ ಮಾಡ್ಕೊಳಿ, ಮನೇಲಿ ಯಾರನ್ನಾದ್ರೂ ಹಿಂದೆ ನಿಲ್ಸಿ (ಚಕ್ರದಿಂದ ದೂರ, ಸೀರೆ ಪಂಚೆ ಹುಷಾರು), ಸ್ವಲ್ಪವೇ ಥ್ರಾಟಲ್ ಕೊಟ್ಟು ಹ್ಯಾಂಡಲ್ ಎಡಕ್ಕೆ ತಿರುಗಿಸಿ. ಕಟ್ ಆದ ಕ್ಷಣಕ್ಕೆ ಬ್ರೇಕ್ ಲೈಟ್ ಹತ್ತಿದ್ರೆ ಬ್ರೇಕ್ ಸ್ವಿಚ್ ಲೈನ್ ಎಲ್ಲೋ ತಾಗ್ತಿದೆ, ನೀವು ಬ್ರೇಕ್ ಹಿಡಿದಿದೀರ ಅಂದ್ಕೊಂಡು ಗಾಡಿ ಮೋಟರ್ ನಿಲ್ಲಿಸ್ತಿದೆ. ಹತ್ತಲಿಲ್ಲ ಅಂದ್ರೆ ಥ್ರಾಟಲ್ ನೋಡಿ. ಸಾಮಾನ್ಯವಾಗಿ ಮೂರು ವೈರು, ಕೆಂಪು 5 ವೋಲ್ಟ್, ಕಪ್ಪು ನೆಗೆಟಿವ್, ಇನ್ನೊಂದು ಸಿಗ್ನಲ್, ಎಷ್ಟೋ ಗಾಡೀಲಿ ಅದು ಹಸಿರು. ಕಪ್ಲರ್ (ವೈರು ಜೋಡಿಸೋ ಪ್ಲಗ್) ಬಿಚ್ಚಬೇಡಿ, ಕಂಟ್ರೋಲರ್ ಹತ್ರ ಕಪ್ಲರ್ ಬೆನ್ನಿಂದ ಮೀಟರ್ ಮೊನೆ ತೂರಿಸಿ ಕಪ್ಪುಗೂ ಸಿಗ್ನಲ್ಲಿಗೂ ಮಧ್ಯೆ ಅಳೀರಿ. ಥ್ರಾಟಲ್ ಬಿಟ್ಟಾಗ 0.8 ವೋಲ್ಟ್ ಆಸುಪಾಸು, ಪೂರ್ತಿ ತಿರುವಿದ್ರೆ ಮೂರೂವರೆ ನಾಲ್ಕು, ಮಧ್ಯೆ ಎಲ್ಲೂ ಜಿಗೀದೆ ಏರ್ಬೇಕು. ಹ್ಯಾಂಡಲ್ ತಿರುಗಿಸಿದ ತಕ್ಷಣ ಧೊಪ್ ಅಂತ ಸೊನ್ನೆಗೆ ಬಿದ್ರೆ ಕಳ್ಳ ಸಿಕ್ಕಿದ. ನೀವು ಬೀಪ್ ನೋಡಿದ್ದು ಹ್ಯಾಂಡಲ್ ನೇರ ಇಟ್ಕೊಂಡು ತಾನೇ? ಒಳಗೆ ತಾಮ್ರ ತುಂಡಾಗಿದ್ರೂ ತುದಿಗೆ ತುದಿ ತಾಗ್ತಿದ್ರೆ ಬೀಪ್ ಬಂದೇ ಬರುತ್ತೆ.

ಹುಬ್ಬಳ್ಳಿಯಿಂದ:
ಮ್ಯಾಲಿನವ್ರು ಹೇಳಿದ್ದು ಖರೇ ಐತ್ರಿ, ಆ ಬೀಪ್ ನಂಬ್ಕೊಂಡು ನಾನೂ ಹದಿನೈದು ದಿನ ಕಳದೇನಿ. ನಮ್ದು ಎಲೆಕ್ಟ್ರಿಕ್ ಆಟೋ, ಮೂರು ಮಂದಿ ಕುಂತು ಏರು ಹತ್ತಾಕತ್ತಿದ್ರ ಮಾತ್ರ ಕಟ್ ಆಗೂದು, ಖಾಲಿ ಇದ್ರ ಏನೂ ಇಲ್ಲ. ಬ್ಯಾಟರಿಯಿಂದ ಕಂಟ್ರೋಲರಿಗೆ ಹೋಗೂ ದಪ್ಪ ವೈರಿನ ಪ್ಲಗ್ ಒಳಗ ಸುಟ್ಟು ಕರ್ರಗಾಗಿತ್ತು, ಬೀಪ್ ಮಾತ್ರ ಭಾರಿ ಜೋರು! ಮೀಟರ್ ಡಿಸಿ ವೋಲ್ಟಿಗೆ ಇಟ್ಟು ಒಂದು ಮೊನಿ ಪ್ಲಗ್ಗಿನ ಈ ಕಡೆ, ಇನ್ನೊಂದು ಅದೇ ವೈರಿಗೆ ಆ ಕಡೆ ಹಿಡೀರಿ, ಆಮೇಲೆ ಲೋಡ್ ಕೊಡ್ರಿ. ಪ್ಲಗ್ ಛಲೋ ಇದ್ರ ಸೊನ್ನಿ ಹತ್ರನ ಇರ್ತದ. ನಂದು 3 ವೋಲ್ಟ್ ತೋರ್ಸಾಕತ್ತಿತ್ತು. ಲೆಕ್ಕ ಹಾಕ್ರಿ, 30 ಆಂಪಿಯರ್ ಎಳೀವಾಗ 3 ವೋಲ್ಟ್ ಅಲ್ಲೇ ಉಳೀತಂದ್ರ 90 ವಾಟ್, ಹಳೀ 100ರ ಬಲ್ಬ್ ಪ್ಲಗ್ಗಿನಾಗ ಇಟ್ಟಂಗಾತು, ಸುಡದ ಬಿಡ್ತದೇನ್ರಿ? ಓಡ್ಸಿ ಬಂದಕೂಡ್ಲೆ ಪ್ಲಗ್ಗಿನ ಮ್ಯಾಲೆ ಕೈ ಇಟ್ರ ಬಿಸಿ ಗೊತ್ತಾಗ್ತದ, ಮೀಟರೂ ಬ್ಯಾಡ. ಇವ್ರದು ಈ ಕೇಸ್ ಅಲ್ಲ ಬಿಡ್ರಿ, ಆದ್ರ ಓದೋರಿಗೆ ಬೇಕಾಗ್ತದ.

ತೀರ್ಥಹಳ್ಳಿ ಕಡೆಯಿಂದ:
ನಮ್ಮಲ್ಲಿ ಜೂನ್ ಬಂತು ಅಂದ್ರೆ ಗಾಡಿಗಳ ಕಪ್ಲರ್ ಒಳಗೆಲ್ಲ ಹಸಿರು ಕಿಲುಬು, ಅದು ಮಾಮೂಲು. ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿದ ಮೇಲೆ ಸಿಲಿಕಾನ್ ಗ್ರೀಸ್ ಹಚ್ಚಿ. ಇನ್ಸುಲೇಷನ್ ಟೇಪ್ ಮಾತ್ರ ಸುತ್ತಬೇಡಿ, ಅದು ನೀರನ್ನ ಒಳಗೇ ಹಿಡಿದಿಡುತ್ತೆ.

ನಂದು ಬೇರೆ ಥರ ಆಗಿತ್ತು, ಗಾಡಿ ನಿಂತಲ್ಲೇ ಗಡಗಡ ಅಂತಿತ್ತು, ಕಾಲಲ್ಲಿ ತಳ್ಳಿದ್ರೆ ಓಡೋದು. ಹಾಲ್ ಸೆನ್ಸರ್ (ಮೋಟರ್ ಎಷ್ಟು ತಿರುಗಿದೆ ಅಂತ ಕಂಟ್ರೋಲರಿಗೆ ಹೇಳೋದು) ತೊಂದ್ರೆ. ಮೋಟರ್‌ನಿಂದ ಮೂರು ದಪ್ಪ ವೈರಿನ ಜೊತೆ ಐದು ಸಣ್ಣವು ಬರ್ತವೆ, ಕೆಂಪು ಕಪ್ಪು ಅದರ ಸಪ್ಲೈ, ಉಳಿದ ಮೂರು ಸಿಗ್ನಲ್. ಕೀ ಆನ್ ಮಾಡಿ ಚಕ್ರವನ್ನ ಕೈಯಲ್ಲಿ ನಿಧಾನಕ್ಕೆ ತಿರುಗಿಸಿದ್ರೆ ಮೂರೂ ಸೊನ್ನೆ, ಐದು, ಸೊನ್ನೆ, ಐದು ವೋಲ್ಟ್ ಅಂತ ಕುಣೀಬೇಕು (ಥ್ರಾಟಲ್ ಮುಟ್ಟಬೇಡಿ). ನಂದ್ರಲ್ಲಿ ಒಂದು ಅಲ್ಲಾಡ್ಲೇ ಇಲ್ಲ. ಆಕ್ಸಲ್‌ನಿಂದ ವೈರ್ ಹೊರಗೆ ಬರೋ ಜಾಗದಲ್ಲಿ ಸಿಪ್ಪೆ ತರಚಿಹೋಗಿತ್ತು. ಅದಕ್ಕೂ ಹಿಂದಿನ ವರ್ಷ ಇಲಿ. ಇಲಿಗೆ ಮೀಟರ್ ಬೇಡ, ಸೀಟ್ ಎತ್ತಿದ್ರೆ ಸಾಕು.

ಬೆಂಗಳೂರಿಂದ:
ಒಂದೇ ಮಾತು. ಉಂಗುರ, ವಾಚು ಬಿಚ್ಚಿಟ್ಟು ಕೂತ್ಕೊಳಿ. ನನ್ನ ಕೈಯಿಂದ ಸ್ಪ್ಯಾನರ್ ಜಾರಿ ಬ್ಯಾಟರಿ ಎರಡು ಟರ್ಮಿನಲ್ ಮೇಲೆ ಬಿತ್ತು, ಪಟ್ ಅಂತ ಬೆಳಕು, ಸ್ಪ್ಯಾನರ್ ಅರ್ಧ ಇಂಚು ಕರಗಿಹೋಯ್ತು, ಅದೂ 60 ವೋಲ್ಟೇ. ಬ್ಯಾಟರಿ ಕಳಚಿದ ಮೇಲೂ ಕಂಟ್ರೋಲರ್ ಕೆಪಾಸಿಟರ್‌ನಲ್ಲಿ ಚಾರ್ಜ್ ಇರುತ್ತೆ, ಸ್ವಲ್ಪ ಹೊತ್ತು ಬಿಟ್ಟು ಅಳೆದು ಆಮೇಲೆ ಮುಟ್ಟಿ. ಇದನ್ನೆಲ್ಲ ಓದ್ಕೊಂಡು ಯಾರೂ ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್‌ಗೆ ಕೈ ಹಾಕಬೇಡಿ, ಅಲ್ಲಿರೋದು ನೂರಾರು ವೋಲ್ಟ್.

ಹಾಸನದಿಂದ, ಮತ್ತೆ:
ಸಿಕ್ತು! ಬ್ರೇಕ್ ಲೈಟ್ ಹತ್ತಲಿಲ್ಲ, ಮೀಟರ್ ಹಾಕಿದ್ರೆ 1.4 ಇದ್ದಿದ್ದು ಎಡಕ್ಕೆ ತಿರುಗಿಸ್ತಿದ್ದ ಹಂಗೇ ಸೊನ್ನೆ. ಮುಂದಿನ ಪ್ಯಾನೆಲ್ ಬಿಚ್ಚಿ ನೋಡಿದ್ರೆ ಹ್ಯಾಂಡಲ್ ಕತ್ತಿನ ಹತ್ರ ಹಾರ್ನೆಸ್‌ಗೆ ಯಾರೋ ಕೇಬಲ್ ಟೈ ಬಿಗಿದು ಕಟ್ಟಿದಾರೆ, ತಿರುಗಿಸಿದಾಗೆಲ್ಲ ವೈರು ಅಲ್ಲೇ ಮಡಚ್ಕೊತಿತ್ತು. ಹೊರಗಿಂದ ಹಸಿರು ವೈರಿಗೆ ಒಂದು ಗೀರೂ ಇಲ್ಲ, ಆದ್ರೆ ಎರಡು ಕೈಯಲ್ಲಿ ಹಿಡಿದು ಎಳೆದ್ರೆ ಆ ಒಂದು ಜಾಗದಲ್ಲಿ ಮಾತ್ರ ರಬ್ಬರ್ ಥರ ಹಿಗ್ಗುತ್ತೆ, ಪಕ್ಕದ ಕೆಂಪು ವೈರು ಹಿಗ್ಗಲ್ಲ. ಸಿಪ್ಪೆ ಸೀಳಿದ್ರೆ ಒಳಗೆ ತಾಮ್ರ ತುಂಡಾಗಿ ಕಪ್ಪಾಗಿದೆ. ಆ ತುಂಡು ಕತ್ತರಿಸಿ ಹಾಕಿ, ನಾಲ್ಕು ಇಂಚು ಹೊಸ ವೈರ್ ಸೇರಿಸಿ ಬೆಸುಗೆ ಹಾಕಿ ಹೀಟ್ ಶ್ರಿಂಕ್ ಸ್ಲೀವ್ ಏರಿಸ್ದೆ, ಬೆಸುಗೆ ಮಡಚೋ ಜಾಗಕ್ಕೆ ಬರದ ಹಂಗೆ ಆಚೀಚೆ ಬಿಟ್ಟಿದೀನಿ. ಟೈ ಕಿತ್ತು ಬಿಸಾಕಿದೆ. ಒಟ್ಟು ಖರ್ಚು ನಲವತ್ತು ರೂಪಾಯಿ. ಎರಡು ದಿನದಿಂದ ಅದೇ ಸರ್ಕಲ್ ಸುತ್ತುತಿದೀನಿ, ಕಟ್ ಆಗಿಲ್ಲ.

ಬೆಳಿಗ್ಗೆ ಗ್ಯಾರೇಜಿಂದ ಫೋನ್ ಬಂತು, ಕಂಟ್ರೋಲರ್ ತರ್ಸಿದೀವಿ ಯಾವಾಗ ಬರ್ತೀರಾ ಅಂತ. ಇನ್ನೂ ವಾಪಸ್ ಫೋನ್ ಮಾಡಿಲ್ಲ.