ದೊಡ್ಡಪ್ಪನ ಹೊಸ ಕಾರು, ತೋಟದ ಮನೆಯ ಕರೆಂಟು

ಇದು ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಶನಿವಾರ ರಾತ್ರಿ ನಡೆದ ಮಾತು. ದೊಡ್ಡಪ್ಪನದು ಮೂಡಿಗೆರೆ ಕಡೆ ಕಾಫಿ ತೋಟ. ನಾನು ಚಿಕ್ಕಮಗಳೂರಿನಲ್ಲಿ ವೈರಿಂಗ್ ಕಂಟ್ರಾಕ್ಟ್ ಮಾಡುತ್ತೇನೆ, ಎರಡು ವರ್ಷದಿಂದ ಕಾರಿನ ಚಾರ್ಜರ್ ಕೂಡ ಕೂರಿಸುತ್ತಿದ್ದೇನೆ. ದೊಡ್ಡ ಎಲೆಕ್ಟ್ರಿಕ್ ಕಾರು ನೋಡುತ್ತಿರುವ ಮಲೆನಾಡಿನವರಿಗೆ ಉಪಯೋಗ ಆಗಲಿ ಅಂತ ಎಲ್ಲರ ಒಪ್ಪಿಗೆ ಕೇಳಿ ಇಲ್ಲಿ ಹಾಕಿದ್ದೇನೆ.

ಬೆಂಗಳೂರು ಅಣ್ಣ: (ಕಾರಿನ ರಿವ್ಯೂ ವಿಡಿಯೊ, 22 ನಿಮಿಷ)

ಬೆಂಗಳೂರು ಅಣ್ಣ: ಅಪ್ಪಾ, ಇದನ್ನು ಪೂರ್ತಿ ನೋಡಿ. ನಾನು ಹೇಳುತ್ತಿದ್ದ ಕಿಯಾ ಇವಿ9 ಇದೇ. ಆರು ಸೀಟು. ಮಧ್ಯದ ಸೀಟು ಹಿಂದಕ್ಕೆ ಒರಗುತ್ತದೆ, ಕಾಲಿಗೆ ಆಸರೆ ಇದೆ, ಮಸಾಜ್ ಕೂಡ ಇದೆ. ಅಮ್ಮನ ಸೊಂಟಕ್ಕೆ ಇದಕ್ಕಿಂತ ಒಳ್ಳೆಯ ಗಾಡಿ ಸಿಗುವುದಿಲ್ಲ. ಒಂದು ಸಲ ಪೂರ್ತಿ ಚಾರ್ಜ್ ಮಾಡಿದರೆ 561 ಕಿಲೋಮೀಟರ್ ರೇಂಜ್. 2024ರಲ್ಲಿ ವರ್ಲ್ಡ್ ಕಾರ್ ಆಫ್ ದಿ ಇಯರ್ ಬಂದ ಕಾರು.

ದೊಡ್ಡಪ್ಪ: ನೋಡಿದೆ ಮಗ. ಒಳಗೆ ಹಾಲ್ ಇದ್ದ ಹಾಗೆ ಇದೆ. ಈ ಸಲ ಕಾಫಿಗೆ ಒಳ್ಳೆ ರೇಟ್ ಸಿಕ್ಕಿದೆ. ಬೊಲೆರೋ ಕೊಟ್ಟು ಇದನ್ನೇ ತಗೊಳ್ಳೋಣ ಅಂತ ಮನಸ್ಸಿದೆ.

ಹಾಸನ ಭಾವ: ಮಾವ, ರೇಟ್ ಎಷ್ಟು ಅಂತ ನೋಡಿದ್ದೀರಾ?

ಬೆಂಗಳೂರು ಅಣ್ಣ: 2024ರ ಅಕ್ಟೋಬರ್‌ನಲ್ಲಿ ಬಿಟ್ಟಾಗ ಶೋರೂಮ್ ಬೆಲೆ 1.30 ಕೋಟಿ.

ಹಾಸನ ಭಾವ: ಅದರ ಮೇಲೆ ರೋಡ್ ಟ್ಯಾಕ್ಸ್ ಇದೆ. ಮೊದಲು ಕರ್ನಾಟಕದಲ್ಲಿ ಎಲೆಕ್ಟ್ರಿಕ್ ಕಾರಿಗೆ ಟ್ಯಾಕ್ಸ್ ಇರಲಿಲ್ಲ. 2024ರಿಂದ 25 ಲಕ್ಷ ದಾಟಿದ ಎಲೆಕ್ಟ್ರಿಕ್ ಕಾರಿಗೆ ನೂರಕ್ಕೆ ಹತ್ತು ಹಾಕಿದ್ದಾರೆ. ಅದೇ 13 ಲಕ್ಷ ಆಯ್ತು. ಇನ್ಶೂರೆನ್ಸ್ ಬೇರೆ. ಒಂದು ಒಳ್ಳೆ ಡೀಸೆಲ್ ಗಾಡಿ ತಗೊಂಡು ಉಳಿದ ದುಡ್ಡು ತೋಟಕ್ಕೆ ಹಾಕಿ ಅಂತ ನನ್ನ ಮಾತು.

ಬೆಂಗಳೂರು ಅಣ್ಣ: ಎಲೆಕ್ಟ್ರಿಕ್‌ಗೆ ಜಿಎಸ್‌ಟಿ 5 ಪರ್ಸೆಂಟ್. ದೊಡ್ಡ ಡೀಸೆಲ್ ಗಾಡಿಗೆ 40. ಅದನ್ನೂ ಲೆಕ್ಕ ಹಾಕಿ. ಡೀಸೆಲ್ ಖರ್ಚು ಉಳಿಯುತ್ತದಲ್ಲ.

ನಾನು: ಅಣ್ಣಾ, ವಿಡಿಯೊ ನಾನೂ ನೋಡಿದೆ. ಕಾರು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಳಿತಾಯ ಅಂತ ಹೇಳಿ ದೊಡ್ಡಪ್ಪನನ್ನು ಒಪ್ಪಿಸಬೇಡ. ಡೀಸೆಲ್ ಗಾಡಿ ಕಿಲೋಮೀಟರಿಗೆ ಒಂಬತ್ತು ರೂಪಾಯಿ ಕುಡಿಯುತ್ತದೆ ಅಂತ ಇಟ್ಟುಕೋ. ಮನೆ ಕರೆಂಟಿನಲ್ಲಿ ಇದು ಎರಡು ರೂಪಾಯಿ. ದೊಡ್ಡಪ್ಪ ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೂ ವರ್ಷಕ್ಕೆ 84 ಸಾವಿರ ಉಳಿಯುತ್ತದೆ. ಒಂದೂಕಾಲು ಕೋಟಿಗೆ ಅದು ಲೆಕ್ಕವೇ ಅಲ್ಲ. ದೊಡ್ಡಮ್ಮನ ಸೊಂಟಕ್ಕೆ ಅಂತ ತಗೊಂಡರೆ ನಾನು ಒಪ್ಪುತ್ತೇನೆ. ಅದು ಸರಿಯಾದ ಕಾರಣ.

ನಾನು: 561 ಅನ್ನುವುದು ಟೆಸ್ಟಿನ ಲೆಕ್ಕ. ಬ್ಯಾಟರಿ 99.8 ಯೂನಿಟ್. ಅಂದರೆ ಯೂನಿಟ್ಟಿಗೆ ಐದೂವರೆ ಕಿಲೋಮೀಟರ್ ಮೇಲೆ ಆಯ್ತು. ಎರಡೂವರೆ ಟನ್ ತೂಗುವ ಗಾಡಿ, ಎಸಿ, ಹೈವೇ ವೇಗ, ನಮ್ಮ ಏರು ತಿರುವು. ನಾನು ಯೂನಿಟ್ಟಿಗೆ ನಾಲ್ಕೇ ಹಿಡಿಯುತ್ತೇನೆ. ನಾನೂರು ಬಂತು. ನಿಮ್ಮ ಮನೆಯಿಂದ ಬೇಲೂರು, ಹಾಸನದ ಮೇಲೆ ಬೆಂಗಳೂರಿಗೆ ಸುಮಾರು 250. ಹೋಗುವುದಕ್ಕೆ ಏನೂ ಚಿಂತೆ ಇಲ್ಲ. ವಾಪಸ್ ಬರಬೇಕಾದರೆ ಅಲ್ಲಿ ಚಾರ್ಜ್ ಆಗಲೇಬೇಕು.

ಬೆಂಗಳೂರು ಅಣ್ಣ: ನಮ್ಮ ಬೇಸ್‌ಮೆಂಟಿನಲ್ಲಿ ಪಾಯಿಂಟ್ ಇದೆ. ಅಪ್ಪ ಅಮ್ಮ ಬಂದರೆ ಒಂದು ರಾತ್ರಿ ಇದ್ದೇ ಇರುತ್ತಾರೆ. ಆಯ್ತಲ್ಲ?

ನಾನು: ಬೆಂಗಳೂರಿನದು ಆಯ್ತು. ಮನೆಯದು ಹೇಳು.

ಬೆಂಗಳೂರು ಅಣ್ಣ: ಶೆಡ್ಡಿನಲ್ಲಿ ಪ್ಲಗ್ ಇದೆಯಲ್ಲ.

ನಾನು: ಶೆಡ್ಡಿನಲ್ಲಿ ಇರುವುದು ಕಳೆ ತೆಗೆಯುವ ಮೆಷಿನ್ನಿನ ಬ್ಲೇಡ್ ಸಾಣೆ ಹಿಡಿಯಲು ಹಾಕಿದ ಪಾಯಿಂಟ್. ಹದಿನೈದು ಆಂಪಿನದು. ಅದರಲ್ಲಿ ಗಂಟೆಗೆ ಎರಡೂವರೆ, ಜಾಸ್ತಿ ಅಂದರೆ ಮೂರು ಯೂನಿಟ್ ಹೋಗುತ್ತದೆ. ಖಾಲಿ ಬ್ಯಾಟರಿ ತುಂಬಲು ಒಂದೂವರೆ ದಿನ. ಅದೂ ಕರೆಂಟ್ ಒಂದು ನಿಮಿಷ ಹೋಗದೆ ಇದ್ದರೆ. ಗೋಡೆಗೆ 7.4 ಕಿಲೋವ್ಯಾಟಿನ ಚಾರ್ಜರ್ ಬಾಕ್ಸ್ ಹಾಕಿದರೆ ಹದಿನಾಲ್ಕು ಗಂಟೆ. ಅದಕ್ಕೆ ಮನೆಯ ಲೋಡ್ ಜಾಸ್ತಿ ಮಾಡಿಸಬೇಕು, ಕರೆಂಟ್ ಕಂಪನಿ ಮೆಸ್ಕಾಂಗೆ ಅರ್ಜಿ ಹಾಕಬೇಕು, ಮೀಟರಿನಿಂದ ಶೆಡ್ಡಿಗೆ ದಪ್ಪ ಕೇಬಲ್ ಎಳೆಯಬೇಕು. ಇದು ಯಾವುದೂ ಆಗದೇ ಇರುವ ಕೆಲಸ ಅಲ್ಲ. ಆದರೆ ಕಾರು ಬರುವ ಮೊದಲು ಆಗಬೇಕು.

ದೊಡ್ಡಪ್ಪ: ನಮ್ಮಲ್ಲಿ ಪಂಪಿಗೆ ತ್ರೀ ಫೇಸ್ ಇದೆಯಲ್ಲ ಪುಟ್ಟಿ?

ನಾನು: ಅದು ಪಂಪ್‌ಸೆಟ್ಟಿನ ಕನೆಕ್ಷನ್ ದೊಡ್ಡಪ್ಪ. ಅದರಿಂದ ಕಾರಿಗೆ ಎಳೆಯುವ ಹಾಗಿಲ್ಲ. ಮನೆ ಮೀಟರಿನಿಂದಲೇ ಆಗಬೇಕು. ಇನ್ನೊಂದು ವಿಷಯ. ಫೆಬ್ರವರಿ, ಮಾರ್ಚ್‌ನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಸುತ್ತಲಿನ ತೋಟದ ಮೋಟಾರು ಎಲ್ಲ ಒಟ್ಟಿಗೆ ಓಡುತ್ತವೆ. ಆಗ ನಿಮ್ಮ ಮನೆಯ ಟ್ಯೂಬ್‌ಲೈಟ್ ಹತ್ತುವುದಕ್ಕೆ ಒದ್ದಾಡುತ್ತದೆ, ನೆನಪಿದೆಯಾ? ಅಂಥ ವೋಲ್ಟೇಜಿನಲ್ಲಿ ಚಾರ್ಜರ್ ನಿಂತು ಹೋಗುತ್ತದೆ.

ಬೆಂಗಳೂರು ಅಣ್ಣ: ನಿನಗೆ ಯಾವಾಗಲೂ ತೊಂದರೆಯೇ ಕಾಣುತ್ತದೆ. ರಿವ್ಯೂ ಮಾಡಿದವನು ಸಾವಿರ ಕಿಲೋಮೀಟರ್ ಓಡಿಸಿ ಹೇಳಿದ್ದಾನೆ. ಅಪ್ಪ ನಲವತ್ತು ವರ್ಷ ಆ ತೋಟದಲ್ಲಿ ದುಡಿದಿದ್ದಾರೆ. ಒಂದು ಸಲ ಮನಸ್ಸಿಗೆ ಬಂದದ್ದು ತಗೊಳ್ಳಲಿ ಬಿಡು.

ನಾನು: ತಗೊಳ್ಳಬಾರದು ಅಂತ ನಾನು ಎಲ್ಲಿ ಹೇಳಿದೆ? ಅವನು ಓಡಿಸಿದ್ದು ಎಕ್ಸ್‌ಪ್ರೆಸ್‌ವೇಯಲ್ಲಿ. ಮಲಗಿದ್ದು ಹೋಟೆಲಿನಲ್ಲಿ. ಚಾರ್ಜ್ ಮಾಡಿದ್ದು ಹೋಟೆಲಿನ ಚಾರ್ಜರಿನಲ್ಲಿ. ಕಾರಿನ ಬಗ್ಗೆ ಅವನು ಹೇಳಿದ್ದೆಲ್ಲ ಸರಿ ಇರಬಹುದು. ನಮ್ಮ ಶೆಡ್ಡಿನ ಬಗ್ಗೆ ಹೇಳುವುದು ನನ್ನ ಕೆಲಸ. ನಾನು ಸುಮ್ನೆ ಇದ್ದರೆ ನಾಳೆ ದೊಡ್ಡಪ್ಪ ನನ್ನನ್ನೇ ಕೇಳುತ್ತಾರೆ, ಗೊತ್ತಿದ್ದೂ ಯಾಕೆ ಹೇಳಲಿಲ್ಲ ಅಂತ.

ನಾನು: ಕಳೆದ ವರ್ಷ ಒಂದು ಹೋಂಸ್ಟೇಗೆ ಕರೆದಿದ್ದರು. ಹೊಸ ಬಾಕ್ಸ್ ಹಾಕಿಸಿದ್ದಾರೆ, ಗೆಸ್ಟ್ ಕಾರು ಸಿಕ್ಕಿಸಿದರೆ ಕೆಂಪು ಲೈಟ್. ಬಾಕ್ಸ್ ಹಾಳಾಗಿದೆ ಅಂತ ಜಗಳ ಆಗಿತ್ತು. ನಾನು ಮೀಟರ್ ಇಟ್ಟು ನೋಡಿದೆ. ನ್ಯೂಟ್ರಲ್ಲಿಗೂ ಅರ್ತಿಂಗಿಗೂ ಮಧ್ಯೆ 22 ವೋಲ್ಟ್. ಎರಡು ಮೂರರ ಒಳಗೆ ಇರಬೇಕು. ಹಿಂದೆ ಹೋಗಿ ಅರ್ತ್ ಗುಂಡಿ ಹುಡುಕಿದರೆ ಅದರ ಮೇಲೆ ಕ್ರೋಟನ್ ಗಿಡ ಬೆಳೆದಿದೆ. ಅಗೆದು ನೋಡಿದರೆ ಒಳಗೆ ಇದ್ದಿಲು ಪುಡಿ ಪುಡಿ, ಉಪ್ಪು ಯಾವತ್ತೋ ಕರಗಿ ಹೋಗಿದೆ. ತಂತಿ ಪ್ಲೇಟಿನಿಂದ ಬಿಟ್ಟುಕೊಂಡು ನೇತಾಡುತ್ತಿತ್ತು. ಅಷ್ಟು ವರ್ಷ ಆ ಮನೆಯ ಗೀಸರ್, ಫ್ರಿಜ್ ಎಲ್ಲ ಅರ್ತಿಂಗ್ ಇಲ್ಲದೇ ಓಡಿವೆ, ಯಾರಿಗೂ ಗೊತ್ತೇ ಆಗಿಲ್ಲ. ಕಾರು ಮಾತ್ರ ಒಪ್ಪಲಿಲ್ಲ. ಎರಡು ಹೊಸ ಗುಂಡಿ ತೆಗೆಸಿ, ಜೋಡಿಸಿ, ನೀರು ಹಾಕಿ ಅಳೆದೆ. ಒಂದೂವರೆ ವೋಲ್ಟಿಗೆ ಬಂತು. ಆಮೇಲೆ ಹಸಿರು ಲೈಟ್.

ದೊಡ್ಡಪ್ಪ: ನಮ್ಮ ಮನೆ ಅರ್ತಿಂಗ್ ನಮ್ಮ ಅಪ್ಪನ ಕಾಲದ್ದು.

ನಾನು: ಅದಕ್ಕೇ ಹೇಳುತ್ತಿರುವುದು ದೊಡ್ಡಪ್ಪ.

ಸಕಲೇಶಪುರ ಚಿಕ್ಕಪ್ಪ: ಈಗ ನೋಡಿದೆ ಮೆಸೇಜ್. ಅಣ್ಣಾ, ಆ ಕಾರಿನ ಅಗಲ ಎಷ್ಟು? ನಿನ್ನ ತೋಟದ ದಾರಿಯಲ್ಲಿ ಹಳ್ಳದ ಮೋರಿ ಇದೆಯಲ್ಲ.

ಬೆಂಗಳೂರು ಅಣ್ಣ: 1.98 ಮೀಟರ್ ಚಿಕ್ಕಪ್ಪ. ಉದ್ದ ಐದು ಮೀಟರ್.

ಸಕಲೇಶಪುರ ಚಿಕ್ಕಪ್ಪ: ಅಂದರೆ ಆರೂವರೆ ಅಡಿ, ಕನ್ನಡಿ ಬಿಟ್ಟು. ಮೋರಿ ಎಂಟು ಅಡಿ ಇರಬೇಕು. ಮಳೆಯಲ್ಲಿ ಕತ್ತಲಲ್ಲಿ ಅಲ್ಲಿ ಬೊಲೆರೋ ತರುವಾಗಲೇ ನಾನು ಕೆಳಗಿಳಿದು ನೋಡುತ್ತೇನೆ.

ನಾನು: ಚಿಕ್ಕಪ್ಪ ಹೇಳಿದ್ದು ಸರಿ. ಅಗಲ ಒಂದೇ ಅಲ್ಲ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಮಧ್ಯೆ 3.1 ಮೀಟರ್ ಇದೆ. ಮೋರಿ ದಾಟಿದ ತಕ್ಷಣ ದಿಬ್ಬ ಇದೆಯಲ್ಲ, ಅಲ್ಲಿ ಹೊಟ್ಟೆ ತಾಗುತ್ತದಾ ಅಂತ ನೋಡಬೇಕು. ಡೀಸೆಲ್ ಗಾಡಿಗೆ ಅಡಿ ಉಜ್ಜಿದರೆ ಸೈಲೆನ್ಸರ್ ಹೋಗುತ್ತದೆ. ಇದರಲ್ಲಿ ಅಡಿಗೆ ಇರುವುದು ಬ್ಯಾಟರಿ. ಬ್ಯಾಟರಿ ವಾರಂಟಿ ಅಂತ ಎಂಟು ವರ್ಷ ಹೇಳುತ್ತಾರೆ, ಕಲ್ಲು ಬಡಿದು ತಗ್ಗಾದರೆ ಅದು ವಾರಂಟಿಗೆ ಬರುವುದಿಲ್ಲ. ಇನ್ಶೂರೆನ್ಸಿನಲ್ಲಿ ಅದು ಸೇರಿದೆಯಾ ಅಂತ ಪಾಲಿಸಿ ಓದಿ ಸಹಿ ಹಾಕಬೇಕು. ಸ್ಟೆಪ್ನಿ ಇದೆಯಾ ಅಂತಲೂ ಕೇಳಿ. ಇಂಥ ಬಹಳ ಕಾರುಗಳಲ್ಲಿ ಸ್ಟೆಪ್ನಿ ಬದಲು ಪಂಕ್ಚರ್ ಕಿಟ್ ಇರುತ್ತದೆ. ಆಣಿ ಚುಚ್ಚಿದರೆ ಅದು ಸಾಕು. ಟೈರಿನ ಪಕ್ಕ ಕಲ್ಲಿಗೆ ಸೀಳಿದರೆ ಸಾಲುವುದಿಲ್ಲ.

ಹಾಸನ ಭಾವ: ನಾನು ಮೊದಲೇ ಹೇಳಿದೆ. ಡೀಸೆಲ್.

ಬೆಂಗಳೂರು ಅಣ್ಣ: ಭಾವಾ, ಡೀಸೆಲ್ ಗಾಡಿಯ ಮಧ್ಯದ ಸೀಟಿನಲ್ಲಿ ಅಮ್ಮ ಬೆಂಗಳೂರಿಗೆ ಬಂದು ಇಳಿದಾಗ ಹೇಗಿರುತ್ತಾರೆ ಅಂತ ನಾನು ಪ್ರತಿ ತಿಂಗಳು ನೋಡುತ್ತೇನೆ. ಎರಡು ನಿಮಿಷ ಬಾಗಿಲು ಹಿಡಿದು ನಿಂತೇ ಇರುತ್ತಾರೆ. ಆಮೇಲೆ ಹೆಜ್ಜೆ ಇಡುತ್ತಾರೆ. ನನಗೆ ಅದೊಂದೇ ತಲೆಯಲ್ಲಿ ಇರುವುದು.

ನಾನು: ಗೊತ್ತು ಅಣ್ಣಾ. ಅದಕ್ಕೇ ನಾನು ಕಾರು ಬೇಡ ಅನ್ನುತ್ತಿಲ್ಲ. ನನಗೆ ತಲೆಯಲ್ಲಿ ಇರುವುದು ಇನ್ನೊಂದು. ಹೋದ ವರ್ಷದ ಮಳೆಯಲ್ಲಿ ರಾತ್ರಿ ಎರಡು ಗಂಟೆಗೆ ದೊಡ್ಡಪ್ಪನಿಗೆ ಎದೆ ಹಿಡಿದುಕೊಂಡಿತ್ತು. ಮೂರು ದಿನದಿಂದ ಕರೆಂಟ್ ಇರಲಿಲ್ಲ, ಲೈನ್ ಮೇಲೆ ಸಿಲ್ವರ್ ಓಕ್ ಬಿದ್ದಿತ್ತು. ಬೊಲೆರೋದಲ್ಲೇ ಚಿಕ್ಕಮಗಳೂರಿಗೆ ಕರೆತಂದದ್ದು. ದಾರಿಯಲ್ಲಿ ಎರಡು ಕಡೆ ಕೊಂಬೆ ಎಳೆದು ಹಾಕಿದ್ದೇವೆ. ನೀನು ಬೆಂಗಳೂರಿನಿಂದ ಹೊರಟು ಬೆಳಿಗ್ಗೆ ತಲುಪಿದೆ. ಬೊಲೆರೋ ಕೊಟ್ಟು ಇದನ್ನು ತಗೊಳ್ಳುತ್ತೇವೆ ಅಂದಾಗ ನನಗೆ ಆ ರಾತ್ರಿಯೇ ಕಣ್ಣ ಮುಂದೆ ಬಂತು.

(ಸ್ವಲ್ಪ ಹೊತ್ತು ಯಾರೂ ಬರೆಯಲಿಲ್ಲ.)

ಬೆಂಗಳೂರು ಅಣ್ಣ: ಅದನ್ನು ನಾನು ಯೋಚನೆ ಮಾಡಿರಲಿಲ್ಲ. ಆದರೆ ಒಂದು ಹೇಳುತ್ತೇನೆ. ಕಾರಿನಲ್ಲಿ ಅರ್ಧ ಚಾರ್ಜ್ ಇದ್ದರೂ ಇನ್ನೂರು ಕಿಲೋಮೀಟರ್ ಹೋಗುತ್ತದೆ. ಮೂರು ದಿನ ಸುಮ್ನೆ ನಿಂತರೆ ಅದು ಖಾಲಿ ಆಗುವುದಿಲ್ಲ.

ನಾನು: ಅದು ನಿಜ. ಒಪ್ಪಿದೆ. ಮಳೆಗಾಲದಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಅಂತ ಒಂದು ನಿಯಮ ಇಟ್ಟುಕೊಂಡರೆ ಆಯ್ತು. ಆದರೂ ಬೊಲೆರೋ ಮಾರಬೇಡಿ. ಅದಕ್ಕೆ ಈಗ ಸಿಗುವ ದುಡ್ಡು ಈ ಕಾರಿನ ಇನ್ಶೂರೆನ್ಸಿಗೂ ಸಾಲುವುದಿಲ್ಲವೇನೋ. ಶೆಡ್ಡಿನಲ್ಲಿ ಎರಡೂ ಇರಲಿ.

ದೊಡ್ಡಪ್ಪ: ಸರಿ. ಬೊಲೆರೋ ಇರುತ್ತದೆ. ಧರ್ಮಸ್ಥಳಕ್ಕೆ ಹೋಗಲು ಚಾರ್ಮಾಡಿ ಇಳಿದರೆ ಬ್ಯಾಟರಿ ತಾನೇ ತುಂಬುತ್ತದೆ ಅಂತ ವಿಡಿಯೊದವನು ಹೇಳಿದ. ಹೌದಾ ಪುಟ್ಟಿ?

ನಾನು: ಹೌದು ದೊಡ್ಡಪ್ಪ, ಪೂರ್ತಿ ಅಲ್ಲ, ಸ್ವಲ್ಪ. ಇಳಿಜಾರಿನಲ್ಲಿ ಮೋಟಾರೇ ಗಾಡಿ ಹಿಡಿಯುತ್ತದೆ, ಆ ಶಕ್ತಿ ಬ್ಯಾಟರಿಗೆ ವಾಪಸ್ ಹೋಗುತ್ತದೆ. ಎಂಟುನೂರು ಮೀಟರ್ ಇಳಿತ, ಜನ ಸೇರಿ ಮೂರು ಟನ್ ಅಂತ ಹಿಡಿದರೆ ಅದರಲ್ಲಿರುವ ಶಕ್ತಿ ಆರೂವರೆ ಯೂನಿಟ್. ಅದರಲ್ಲಿ ನಾಲ್ಕು ಸಿಕ್ಕರೆ ದೊಡ್ಡದು. ವಾಪಸ್ ಹತ್ತುವಾಗ ಅದಕ್ಕಿಂತ ಜಾಸ್ತಿ ಕೊಡಬೇಕು. ಇದರಲ್ಲಿ ಒಂದು ಮುಖ್ಯ ವಿಷಯ ಇದೆ, ಆ ವಿಡಿಯೊದಲ್ಲಿ ಹೇಳಿಲ್ಲ. ನಾವು ಘಾಟಿಯ ತಲೆಯ ಮೇಲೆ ಇರುವವರು. ಮನೆಯಲ್ಲಿ ನೂರಕ್ಕೆ ನೂರು ತುಂಬಿಸಿಕೊಂಡು ಕೊಟ್ಟಿಗೆಹಾರದಿಂದ ಇಳಿಯಲು ಶುರು ಮಾಡಿದರೆ, ವಾಪಸ್ ಬರುವ ಕರೆಂಟಿಗೆ ಬ್ಯಾಟರಿಯಲ್ಲಿ ಜಾಗ ಇರುವುದಿಲ್ಲ. ಆಗ ಮೋಟಾರಿನ ಹಿಡಿತ ಕಡಿಮೆ ಆಗಿ ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಆ ತಿರುವುಗಳಲ್ಲಿ, ಮಂಜಿನಲ್ಲಿ, ಮೂರು ಟನ್. ಧರ್ಮಸ್ಥಳಕ್ಕೆ ಹೋಗುವ ದಿನ ಎಂಬತ್ತಕ್ಕೆ ನಿಲ್ಲಿಸಿ. ಅಷ್ಟು ಧಾರಾಳ ಸಾಕು.

ಸಕಲೇಶಪುರ ಚಿಕ್ಕಪ್ಪ: ಇದು ನನಗೂ ಗೊತ್ತಿರಲಿಲ್ಲ. ಶಿರಾಡಿಗೂ ಇದೇ ಅಲ್ವಾ?

ನಾನು: ಇದೇ ಚಿಕ್ಕಪ್ಪ. ಮೇಲಿನಿಂದ ಇಳಿಯುವ ಎಲ್ಲ ಘಾಟಿಗೂ.

ದೊಡ್ಡಮ್ಮ: ಎಲ್ಲರದ್ದೂ ಓದಿದೆ. ನನ್ನನ್ನು ಯಾರೂ ಕೇಳಲಿಲ್ಲ. ಕೂತರೆ ಆರಾಮ ಅಂತ ಹೇಳುತ್ತಿದ್ದೀರಿ. ಒಳಗೆ ಹತ್ತುವುದು ಹೇಗೆ? ನನಗೆ ಬಲಗಾಲು ಮಂಡಿ ಎತ್ತಲು ಆಗುವುದಿಲ್ಲ. ಬೊಲೆರೋಗೆ ನಿಮ್ಮ ದೊಡ್ಡಪ್ಪ ಸಣ್ಣ ಸ್ಟೂಲ್ ಇಡುತ್ತಾರೆ.

ಬೆಂಗಳೂರು ಅಣ್ಣ: ಅಮ್ಮಾ, ಅದು ವಿಡಿಯೊದಲ್ಲಿ ಇಲ್ಲ.

ನಾನು: ದೊಡ್ಡಮ್ಮ ಕೇಳಿದ್ದೇ ಮೊದಲ ಪ್ರಶ್ನೆ ಆಗಬೇಕಿತ್ತು. ಅಣ್ಣಾ, ಬುಕ್ ಮಾಡುವ ಮೊದಲು ದೊಡ್ಡಮ್ಮನನ್ನೇ ಶೋರೂಮಿಗೆ ಕರೆದುಕೊಂಡು ಹೋಗು. ಆರು ಸಲ ಹತ್ತಿ ಇಳಿಯಲಿ. ಮಧ್ಯದ ಸೀಟಿನಲ್ಲಿ ಅರ್ಧ ಗಂಟೆ ಕೂತು ಆಮೇಲೆ ಇಳಿಯಲಿ. ಎಸಿ ಹಾಕಿದ ಹಾಲ್‌ನಲ್ಲಿ ಬೇಡ, ರಸ್ತೆಗೆ ತಗೊಂಡು ಹೋಗಲು ಹೇಳು, ಹಂಪ್ ಇರುವ ಕಡೆ.

ದೊಡ್ಡಮ್ಮ: ಮೆತ್ತನೆ ಸೀಟು ಒಳಗೆ ಹೂತು ಹೋದರೆ ನನಗೆ ಏಳಲು ಆಗುವುದಿಲ್ಲ. ಅದನ್ನೂ ನೋಡಬೇಕು.

ಬೆಂಗಳೂರು ಅಣ್ಣ: ಆಯ್ತಮ್ಮ. ಮುಂದಿನ ತಿಂಗಳು ಚೆಕಪ್‌ಗೆ ಬರುತ್ತೀರಲ್ಲ, ಒಂದು ದಿನ ಜಾಸ್ತಿ ಇರಿ. ನಾನು ರಜೆ ಹಾಕುತ್ತೇನೆ. ಅಲ್ಲಿವರೆಗೆ ಅಡ್ವಾನ್ಸ್ ಕೊಡುವುದಿಲ್ಲ.

ಹಾಸನ ಭಾವ: ನಾನು ಇನ್ನೂ ಡೀಸೆಲ್ ಅಂತಲೇ ಹೇಳುತ್ತೇನೆ. ಆದರೆ ಅತ್ತೆಗೆ ಹಿಡಿಸಿದರೆ ನನ್ನದೇನೂ ಇಲ್ಲ.

ನಾನು: ದೊಡ್ಡಪ್ಪ, ನಾಳೆ ಹತ್ತು ಗಂಟೆಗೆ ಬರುತ್ತೇನೆ. ಅರ್ತಿಂಗ್ ಅಳೆಯುವ ಮೀಟರ್, ಟೇಪ್ ತರುತ್ತೇನೆ. ಮೋರಿ, ದಿಬ್ಬ ಎರಡನ್ನೂ ಅಳೆಯೋಣ. ಸಂಜೆ ಏಳಕ್ಕೆ ಮತ್ತೊಮ್ಮೆ ವೋಲ್ಟೇಜ್ ನೋಡಬೇಕು, ಹಾಗಾಗಿ ಇಡೀ ದಿನ ಇರುತ್ತೇನೆ. ಮೀಟರ್ ಬೋರ್ಡಿನ ಬೀಗದ ಕೈ ಹುಡುಕಿ ಇಡಿ.

ದೊಡ್ಡಪ್ಪ: ಅರ್ತ್ ಗುಂಡಿ ಎಲ್ಲಿದೆ ಅಂತ ನನಗೇ ನೆನಪಿಲ್ಲ ಪುಟ್ಟಿ. ಬಚ್ಚಲು ಮನೆ ಹಿಂದೆ ಇರಬೇಕು, ಈಗ ಅಲ್ಲಿ ಏಲಕ್ಕಿ ಇದೆ.

ದೊಡ್ಡಮ್ಮ: ಏಲಕ್ಕಿ ಕೀಳಬೇಡಿ. ನಾನು ತೋರಿಸುತ್ತೇನೆ, ಗುಂಡಿ ಅದರ ಪಕ್ಕ. ಮಧ್ಯಾಹ್ನಕ್ಕೆ ಕಡುಬು ಮಾಡುತ್ತೇನೆ ಪುಟ್ಟಿ, ಬೇಗ ಬಾ.