ವಲಸಿಗರ ನಡುವೆ ಹಂಗೇರಿಯ ಜಾನಪದ ಸಂಗೀತ ಉಳಿದಿರುವುದು ಹೇಗೆ?

ಪ್ರಶ್ನೆ (ನಾದಾಸಕ್ತ):

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಜೂನ್ ತಿಂಗಳ ಮೊದಲ ಶನಿವಾರ ನಡೆಯುವ ಹಂಗೇರಿಯನ್ ಉತ್ಸವಕ್ಕೆ ಹೋಗಿದ್ದೆ. ಪಿಟೀಲು, ವಯೋಲಾ, ಡಬಲ್ ಬಾಸ್ ಇಷ್ಟನ್ನೇ ಇಟ್ಟುಕೊಂಡು ಒಂದು ತಂಡ ಗಂಟೆಗಟ್ಟಲೆ ನುಡಿಸಿತು. ತಂಡದ ಕಿರಿಯರು ಅಮೆರಿಕದಲ್ಲೇ ಹುಟ್ಟಿ ಬೆಳೆದವರು, ಮನೆಮಾತನ್ನು ತಡವರಿಸುತ್ತಲೇ ಆಡುವವರು. ಆದರೆ ಅವರ ನುಡಿಸಾಣಿಕೆಯಲ್ಲಿ ಆ ತಡವರಿಕೆಯ ಸುಳಿವೂ ಇರಲಿಲ್ಲ. ಹಾಡು ಹುಟ್ಟಿದ ಹಳ್ಳಿಯಾಗಲಿ, ಅದನ್ನು ಬೇಡುವ ಮದುವೆ ಮನೆಗಳಾಗಲಿ ಇಲ್ಲದ ಕಡೆ ಇಂಥ ಸಂಗೀತ ಕೇವಲ ಪ್ರದರ್ಶನದ ವಸ್ತುವಾಗದೆ ಉಳಿಯುವುದು ಹೇಗೆ? ಪಿಟೀಲಿನ ವಿದ್ಯಾರ್ಥಿಯಾದ ನನಗೆ ಈ ಪ್ರಶ್ನೆ ಬಿಡದೆ ಕಾಡುತ್ತಿದೆ. ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ (ಹೆಜ್ಜೆಗತಿ):

ಈ ಸಂಗೀತವನ್ನು ಉಳಿಸಿರುವುದು ಕುಣಿತ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಂಗೇರಿಯ ಸಂಗೀತ ರಚನಕಾರರಾದ ಬೇಲಾ ಬಾರ್ಟೋಕ್ ಮತ್ತು ಝೋಲ್ಟಾನ್ ಕೊಡಾಯ್ 20ನೆಯ ಶತಮಾನದ ಆರಂಭದಲ್ಲಿ ಫೋನೋಗ್ರಾಫ್ ಎಂಬ ಧ್ವನಿಮುದ್ರಣ ಯಂತ್ರ ಹೊತ್ತು ಹಳ್ಳಿಗಳನ್ನು ಸುತ್ತಿ ಸಾವಿರಾರು ಹಾಡುಗಳನ್ನು ಸಂಗ್ರಹಿಸಿದರು. ಆದರೆ ಸಂಗ್ರಹವಾದ ಮಾತ್ರಕ್ಕೆ ಜನ ಮತ್ತೆ ಹಾಡತೊಡಗುವುದಿಲ್ಲ. 1972ರಲ್ಲಿ ಬುಡಾಪೆಸ್ಟಿನ ಯುವಕರು ಈಗ ರೊಮೇನಿಯಾದಲ್ಲಿರುವ, ಹಂಗೇರಿಯನ್ನರೂ ನೆಲೆಸಿರುವ ಟ್ರಾನ್ಸಿಲ್ವೇನಿಯಾ ಪ್ರದೇಶದ ಸೇಕ್ ಎಂಬ ಹಳ್ಳಿಯ ಪದ್ಧತಿಯನ್ನು ಅನುಸರಿಸಿ ‘ತಾಂತ್ಸ್‌ಹಾಜ್’ ಎಂಬ ಕುಣಿತದ ಕೂಟಗಳನ್ನು ಆರಂಭಿಸಿದರು. ಫೆರೆಂತ್ಸ್ ಶೆಬೋ ಮತ್ತು ಬೇಲಾ ಹಾಲ್ಮೋಶ್ ಅವುಗಳಿಗೆ ಸಂಗೀತ ಒದಗಿಸಿದರು. ಅಲ್ಲಿ ವೇದಿಕೆಯಿಲ್ಲ, ಪ್ರೇಕ್ಷಕರೂ ಇಲ್ಲ. ಬಂದವರೆಲ್ಲ ಹೆಜ್ಜೆ ಕಲಿಯುತ್ತಾರೆ. ಪಿಟೀಲಿನವರು ಕುಣಿಯುವವರ ಕಾಲುಗಳನ್ನೇ ನೋಡುತ್ತ, ನಿಧಾನಗತಿಯಿಂದ ಚುರುಕಾದ ಚಾರ್ದಾಶ್ ಎಂಬ ಹಂಗೇರಿಯನ್ ಕುಣಿತದವರೆಗೆ ಒಂದು ಧಾಟಿಯಿಂದ ಇನ್ನೊಂದಕ್ಕೆ ಎಲ್ಲೂ ನಿಲ್ಲದೆ ದಾಟುತ್ತಾರೆ. ಈ ಪದ್ಧತಿ ಅಮೆರಿಕದ ಹಂಗೇರಿಯನ್ ಸಮುದಾಯಗಳಿಗೂ ಬಂದು ಬೇರೂರಿತು. 2011ರಲ್ಲಿ ಯುನೆಸ್ಕೋ ಇದನ್ನು ಪರಂಪರೆಯ ರಕ್ಷಣೆಗೆ ಮಾದರಿಯಾದ ವಿಧಾನಗಳ ಪಟ್ಟಿಗೆ ಸೇರಿಸಿತು. ಮಾತು ಬಾರದ ಹುಡುಗನೂ ಕುಣಿಯಬಲ್ಲ, ಕುಣಿಯುವವನಿಗೆ ನುಡಿಸುವವರು ಬೇಕೇ ಬೇಕು. ಹಳ್ಳಿಯ ಮದುವೆಯಲ್ಲಿದ್ದ ಬೇಡಿಕೆ ವಲಸಿಗರ ನಡುವೆ ಮತ್ತೆ ಹುಟ್ಟಿದ್ದು ಹೀಗೆ.

ಉತ್ತರ (ಹಳೆಯ ತಟ್ಟೆ):

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಕಥೆ 1972ರಿಂದ ಆರಂಭವಾಗುವುದಿಲ್ಲ. ಮೊದಲ ಮಹಾಯುದ್ಧಕ್ಕೂ ಮುನ್ನ ಗಣಿ, ಉಕ್ಕಿನ ಕಾರ್ಖಾನೆಗಳ ಕೆಲಸಕ್ಕೆಂದು ಬಂದವರು ಕ್ಲೀವ್‌ಲ್ಯಾಂಡಿನ ಬಕೈ ರಸ್ತೆ, ಡೆಟ್ರಾಯಿಟ್‌ನ ಡೆಲ್‌ರೇ ಮುಂತಾದ ಕಡೆ ನೆಲೆಸಿದಾಗ, ಅವರ ಮದುವೆಗಳಲ್ಲೂ ಊಟದ ಮನೆಗಳಲ್ಲೂ ನುಡಿಸಿದವರು ರೋಮಾ (ಜಿಪ್ಸಿ) ಸಂಗೀತಗಾರರು. ಮುಂದಾಳು ಪಿಟೀಲುವಾದಕ, ಪಕ್ಕದಲ್ಲಿ ಸಿಂಬಲಮ್: ಬಡಿಗೆಗಳಿಂದ ತಂತಿಗಳನ್ನು ಬಡಿದು ನುಡಿಸುವ, ಮೇಜಿನಷ್ಟು ದೊಡ್ಡ ವಾದ್ಯ. ಅವರು ಹೆಚ್ಚಾಗಿ ನುಡಿಸುತ್ತಿದ್ದದ್ದು 19ನೆಯ ಶತಮಾನದ ಜನಪ್ರಿಯ ರಚನೆಗಳಾದ ‘ನೋತಾ’ಗಳನ್ನು. ಇವು ರೈತರ ಸಂಗೀತವಲ್ಲವೆಂದು ಬಾರ್ಟೋಕ್ ಖಂಡಿತವಾಗಿ ಹೇಳಿದ್ದರು, ವಿದ್ವಾಂಸರಾಗಿ ಅವರ ಮಾತು ಸರಿಯೇ. ಆದರೆ ಕಾರ್ಖಾನೆಯ ಪಾಳಿ ಮುಗಿಸಿ ಬಂದವರಿಗೆ ತವರು ನೆನಪಾಗುತ್ತಿದ್ದದ್ದು ಈ ಹಾಡುಗಳಿಂದಲೇ. ಸುಮಾರು 2,00,000 ಜನ ಹಂಗೇರಿಯನ್ನು ತೊರೆದ ಸೋವಿಯತ್ ಹಿಡಿತದ ವಿರುದ್ಧದ 1956ರ ದಂಗೆಯ ನಂತರ, ನ್ಯೂ ಬ್ರನ್ಸ್‌ವಿಕ್ ಬಳಿಯ ಕ್ಯಾಂಪ್ ಕಿಲ್ಮರ್ ಎಂಬ ಸೇನಾ ಶಿಬಿರದ ಮೂಲಕ ಅಮೆರಿಕ ಸೇರಿದ ನಿರಾಶ್ರಿತರಲ್ಲೂ ಇದೇ ಹಾಡುಗಳನ್ನು ಕೇಳುತ್ತ ಬೆಳೆದವರು ಅನೇಕರಿದ್ದರು.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಇಂದು ನಾವು ಹಳ್ಳಿಯ ಶುದ್ಧ ಧಾಟಿಗಳೆಂದು ಮೆಚ್ಚುವ ಟ್ರಾನ್ಸಿಲ್ವೇನಿಯಾದ ಸಂಗೀತದ ಬಹುಭಾಗ ಹೊಸಬರಿಗೆ ದಕ್ಕಿದ್ದು ಅಲ್ಲಿನ ರೋಮಾ ವಾದಕರ ಕೈಯಿಂದಲೇ. ಅಮೆರಿಕದಲ್ಲಿ ಹಳೆಯ ಬಡಾವಣೆಗಳು ಖಾಲಿಯಾದಂತೆ, ತಂದೆಯಿಂದ ಮಗನಿಗೆ ವಿದ್ಯೆ ದಾಟಿಸುತ್ತಿದ್ದ ಕುಟುಂಬಗಳು ಜೀವನೋಪಾಯವನ್ನೇ ಕಳೆದುಕೊಂಡವು. ಕುಣಿತದ ಕೂಟಗಳ ಯಶಸ್ಸನ್ನು ಹೇಳುವಾಗ ಈ ನಷ್ಟವನ್ನೂ ಹೇಳದಿದ್ದರೆ ನ್ಯಾಯವಾಗದು.

ಉತ್ತರ (ಮೂರು ತಂತಿ):

ಪಿಟೀಲಿನ ವಿದ್ಯಾರ್ಥಿಯೆಂದು ಹೇಳಿದ್ದೀರಿ, ಹಾಗಾಗಿ ವಾದ್ಯದ ಕಡೆಯಿಂದ ಒಂದೆರಡು ಮಾತು. ನೀವು ವಯೋಲಾ ಎಂದು ಕಂಡದ್ದು ಬಹುಶಃ ‘ಕೊಂಟ್ರಾ’ ಇರಬೇಕು. ಅದಕ್ಕೆ ಮೂರೇ ತಂತಿ. ಕುದುರೆ, ಅಂದರೆ ತಂತಿಗಳನ್ನು ಹೊರುವ ಮರದ ತುಂಡು, ಚಪ್ಪಟೆಯಾಗಿರುವುದರಿಂದ ಕಮಾನು ಮೂರನ್ನೂ ಒಟ್ಟಿಗೆ ಮುಟ್ಟಿ ಸ್ವರಮೇಳವನ್ನೇ ಹೊರಡಿಸುತ್ತದೆ. ನಿಧಾನಗತಿಯಲ್ಲಿ ಕಮಾನನ್ನು ಎತ್ತದೆ ಒಂದೇ ಎಳೆತದಲ್ಲಿ ಎರಡು ಮಿಡಿತ ಕೊಡಬೇಕು, ಒತ್ತು ಎರಡನೆಯದರ ಮೇಲೆ ಬೀಳಬೇಕು. ಚುರುಕುಗತಿಯಲ್ಲಿ ಬಾಸ್ ತಾಳದ ಪೆಟ್ಟಿನ ಮೇಲೆಯೇ ಬಿದ್ದರೆ ಕೊಂಟ್ರಾ ಪೆಟ್ಟುಗಳ ನಡುವೆ ಬರುತ್ತದೆ. ಈ ಒತ್ತಿನ ತೂಕವನ್ನು ಸ್ವರಲಿಪಿ ಪೂರ್ತಿಯಾಗಿ ಹಿಡಿದಿಡಲಾರದು. ಬಲ್ಲವರ ಪಕ್ಕದಲ್ಲಿ ಕುಳಿತು, ಅವರ ಮೊಣಕೈ ನೋಡುತ್ತ ಕಲಿಯಬೇಕು. ಹಂಗೇರಿ ಮತ್ತು ಟ್ರಾನ್ಸಿಲ್ವೇನಿಯಾದ ವಾದಕರನ್ನು ಕರೆಸಿ ನಡೆಸುವ ಬೇಸಿಗೆ ಶಿಬಿರಗಳು ವಲಸಿಗ ತಂಡಗಳಿಗೆ ಇಷ್ಟು ಮುಖ್ಯವಾಗಿರುವುದು ಇದೇ ಕಾರಣಕ್ಕೆ.

ಬುಡಾಪೆಸ್ಟಿನ ಫೋನೋ ಸಂಗೀತ ಕೇಂದ್ರವು 1997ರಿಂದ ಹಳ್ಳಿಯ ವಾದ್ಯತಂಡಗಳನ್ನು ಕರೆಸಿ ಮಾಡಿದ ‘ಕೊನೆಯ ಗಳಿಗೆ’ ಧ್ವನಿಮುದ್ರಣಗಳನ್ನು ಅವಶ್ಯ ಕೇಳಿ. ಬುಡಾಪೆಸ್ಟಿನ ಪರಂಪರೆ ಭವನದ ಸಂಗ್ರಹದಲ್ಲೂ ಹಳ್ಳಿಯ ಸಂಗೀತ ಅಂತರ್ಜಾಲದಲ್ಲಿ ಲಭ್ಯವಿದೆ. ರಾಗ ನುಡಿಸಲು ಎಲ್ಲರೂ ಮುಂದೆ ಬರುತ್ತಾರೆ, ಕೊಂಟ್ರಾ ಹಿಡಿಯುವವರು ಸಿಗುವುದೇ ಕಷ್ಟ. ಮುಂದಿನ ಉತ್ಸವದಲ್ಲಿ ಆ ತಂಡದವರನ್ನು ಮಾತಾಡಿಸಿ, ಅಭ್ಯಾಸದ ದಿನ ಕೊಂಟ್ರಾದವರ ಪಕ್ಕ ಕುಳಿತುಕೊಳ್ಳಬಹುದೇ ಎಂದು ಸಂಕೋಚವಿಲ್ಲದೆ ಕೇಳಿ.